ಮನೆಯಂಗಳದಲ್ಲಿ ಆಟೋರಿಕ್ಷಾವನ್ನು ಸುರಕ್ಷಿತವಾಗಿ ಎತ್ತುವ ಕ್ರಮ

ಕಾರಿಗೆ ಜಾಕ್ ಕೊಟ್ಟು ಅಭ್ಯಾಸವಿರುವವರು ಆಟೋರಿಕ್ಷಾವನ್ನೂ ಅದೇ ರೀತಿಯಲ್ಲಿ ಎತ್ತಬಹುದೆಂದು ಭಾವಿಸುವುದುಂಟು. ಖಾಲಿ ಪ್ಯಾಸೆಂಜರ್ ಆಟೋದ ತೂಕ ಮಾದರಿಯನ್ನು ಅನುಸರಿಸಿ ಸುಮಾರು 350ರಿಂದ 450 ಕಿಲೋ ಇರುತ್ತದೆ. ಗಟ್ಟಿಮುಟ್ಟಾದ ಇಬ್ಬರು ಅದರ ಒಂದು ಬದಿಯನ್ನು ಬರಿಗೈಯಲ್ಲೇ ಎತ್ತಿ ಹಿಡಿಯುವುದನ್ನು ಆಟೋ ಸ್ಟ್ಯಾಂಡುಗಳಲ್ಲಿ ಕಾಣಬಹುದು. ಅಪಾಯ ಹುಟ್ಟುವುದು ಈ ಹಗುರತನದಿಂದಲೇ. ಎತ್ತಲು ಸುಲಭವಾದ ಈ ಗಾಡಿ ಉರುಳುವುದೂ ಸುಲಭ, ಮತ್ತು ಉರುಳಿದಾಗ ಅಡಿಯಲ್ಲಿ ಕೈಯೋ ಎದೆಯೋ ಸಿಕ್ಕಿಕೊಂಡರೆ ಆ ತೂಕ ಸಣ್ಣದೆನಿಸುವುದಿಲ್ಲ.

ಮಲೆನಾಡಿನಲ್ಲಿ ಗಾಡಿಯನ್ನು ಎತ್ತಿ ಅಡಿಯನ್ನು ನೋಡಬೇಕಾದ ಸಂದರ್ಭಗಳು ಬಯಲುಸೀಮೆಗಿಂತ ಹೆಚ್ಚು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಓಡುವ ಗಾಡಿಯ ಬ್ರೇಕ್ ಡ್ರಮ್ಮಿನೊಳಗೆ (ಚಕ್ರದ ಜೊತೆ ತಿರುಗುವ ಬ್ರೇಕಿನ ಬಟ್ಟಲಿನೊಳಗೆ) ಕೆಂಪು ಕೆಸರು ಸೇರಿರುತ್ತದೆ, ತಗಡಿನ ಮಡಿಕೆಗಳಲ್ಲಿ ತುಕ್ಕು ಹಿಡಿದಿರುತ್ತದೆ, ಚಕ್ರವನ್ನು ತಿರುಗಿಸುವ ಎಕ್ಸೆಲ್ ಶಾಫ್ಟಿನ ರಬ್ಬರ್ ಬೂಟು (ಹೊದಿಕೆ) ಹರಿದು ಗ್ರೀಸಿನಲ್ಲಿ ನೀರು ಬೆರೆತಿರುತ್ತದೆ. 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯನ್ನು ಮೇಲಿಂದ ಮೇಲೆ ಇಳಿಯುವ ಗಾಡಿಯಲ್ಲಿ, ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರವನ್ನು ನಿಲ್ಲಿಸುವ ಬ್ರೇಕ್ ಶೂಗಳನ್ನಂತೂ ಕಣ್ಣಾರೆ ನೋಡದೆ ನಂಬುವಂತಿಲ್ಲ. ಇಷ್ಟಕ್ಕೆಲ್ಲ ಪ್ರತಿಸಲವೂ ಗ್ಯಾರೇಜುಗಳಿರುವ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಲು ಹೊಸನಗರದ ಅಥವಾ ಸೊರಬದ ಹಳ್ಳಿಯವರಿಗೆ ಆಗುವುದಿಲ್ಲ. ಆದ್ದರಿಂದ ಕೆಲಸ ಮನೆಯಂಗಳದಲ್ಲೇ ನಡೆಯುತ್ತದೆ.

ತ್ರಿಕೋನದ ಲೆಕ್ಕ

ಸಲಕರಣೆಗಳ ಮಾತಿಗೆ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಆಟೋ ನೆಲವನ್ನು ಮುಟ್ಟುವ ಮೂರು ಜಾಗಗಳನ್ನು ಗೆರೆ ಎಳೆದು ಸೇರಿಸಿದರೆ ಒಂದು ತ್ರಿಕೋನವಾಗುತ್ತದೆ. ಗಾಡಿಯ ಒಟ್ಟು ಭಾರ ಕೇಂದ್ರೀಕೃತವಾಗಿರುವ ಬಿಂದುವಿನಿಂದ ಕೆಳಗೆ ತೂಗುಬಿಟ್ಟ ನೂಲು ಈ ತ್ರಿಕೋನದ ಒಳಗೆ ಬೀಳುವ ತನಕ ಗಾಡಿ ನಿಲ್ಲುತ್ತದೆ. ಗೆರೆಯಿಂದ ಹೊರಗೆ ಬಿದ್ದರೆ ಉರುಳುತ್ತದೆ. ಕಾರಿನಲ್ಲಿ ಒಂದು ಚಕ್ರ ಎತ್ತಿದರೂ ನೆಲದ ಮೇಲೆ ಇನ್ನೂ ಮೂರು ಚಕ್ರಗಳು ಉಳಿದಿರುತ್ತವೆ. ಆಟೋದಲ್ಲಿ ಒಂದನ್ನು ಎತ್ತಿದೊಡನೆ ಉಳಿಯುವುದು ಎರಡೇ, ಮೂರನೆಯ ಕಾಲಿನ ಕೆಲಸವನ್ನು ಪೂರ್ತಿಯಾಗಿ ಜಾಕೇ ಮಾಡಬೇಕು. ಮುಕ್ಕಾಲಿಯ ಒಂದು ಕಾಲನ್ನು ತೆಗೆದು ಅಲ್ಲಿ ಬೇರೊಂದು ಆನಿಕೆ ಕೊಟ್ಟಂತೆ ಇದು.

ಇದರಿಂದ ಎರಡು ನಿಯಮಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದು, ಹಿಂದಿನ ಚಕ್ರವನ್ನು ಎತ್ತುವಾಗ ಜಾಕನ್ನು ಆ ಚಕ್ರಕ್ಕೆ ಎಷ್ಟು ಹತ್ತಿರ ಇಡಲು ಸಾಧ್ಯವೋ ಅಷ್ಟು ಹತ್ತಿರ ಇಡಬೇಕು. ಜಾಕ್ ಒಳಕ್ಕೆ ಸರಿದಷ್ಟೂ ತ್ರಿಕೋನ ಕಿರಿದಾಗುತ್ತದೆ. ಅದು ಮುಂದಕ್ಕೆ, ಅಂದರೆ ಪ್ರಯಾಣಿಕರು ಹತ್ತುವ ಬಾಗಿಲಿನ ಕಡೆಗೆ ಸರಿದರೆ ಇನ್ನೂ ಕೆಟ್ಟದ್ದು. ಎಂಜಿನ್ ಹಿಂದೆ ಇರುವ ಆಟೋಗಳಲ್ಲಿ ಭಾರದ ಕೇಂದ್ರವೂ ಹಿಂದೆಯೇ ಇರುತ್ತದೆ. ಜಾಕನ್ನು ಬಾಗಿಲಿನ ಕೆಳಗೆ ಕೊಟ್ಟರೆ ಜಾಕ್ ಮತ್ತು ಎದುರುಬದಿಯ ಹಿಂಚಕ್ರವನ್ನು ಸೇರಿಸುವ ಗೆರೆ ಆ ಕೇಂದ್ರಕ್ಕಿಂತ ಮುಂದೆ ಹೋಗಿಬಿಡಬಹುದು. ಆಗ ಗಾಡಿ ಎತ್ತಿದ ಬದಿಯ ಹಿಂದಿನ ಮೂಲೆಗೇ ಕುಸಿಯುತ್ತದೆ, ಅಂದರೆ ಕೆಲಸ ಮಾಡುವವನು ಕುಳಿತಿರುವ ಜಾಗಕ್ಕೇ.

ಎರಡನೆಯದು, ಹಿಂಭಾಗದ ನಡುಮಧ್ಯದಲ್ಲಿ ಒಂದೇ ಜಾಕ್ ಕೊಟ್ಟು ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ಎತ್ತಬಾರದು. ಕಾರಿನ ಹಿಂಭಾಗವನ್ನು ಟ್ರಾಲಿ ಜಾಕಿನಿಂದ (ಸಣ್ಣ ಚಕ್ರಗಳ ಮೇಲೆ ಸರಿಯುವ ಜಾಕಿನಿಂದ) ನಡುವಿನಲ್ಲಿ ಎತ್ತುವುದನ್ನು ನೋಡಿದವರು ಇಲ್ಲೂ ಅದನ್ನೇ ಮಾಡಲು ಹೊರಡುತ್ತಾರೆ. ಕಾರಿನ ಮುಂದೆ ಎರಡು ಚಕ್ರಗಳು ನೆಲದ ಮೇಲಿರುತ್ತವೆ. ಆಟೋದ ಮುಂದಿರುವುದು ಒಂದು. ಮುಂದಿನ ಚಕ್ರ ಮತ್ತು ನಡುವಿನ ಜಾಕ್ ಸೇರಿ ತ್ರಿಕೋನವಾಗುವುದಿಲ್ಲ, ಬರೀ ಗೆರೆಯಾಗುತ್ತದೆ, ಮತ್ತು ಆ ಗೆರೆಯ ಮೇಲೆ ನಿಂತ ಗಾಡಿ ಗಾಳಿ ಬೀಸಿದರೂ ಪಕ್ಕಕ್ಕೆ ವಾಲುತ್ತದೆ. ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಮೂರುಚಕ್ರದ ಮೋಟಾರ್‌ಸೈಕಲ್ಲುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ತ್ರಿಕೋನವನ್ನು ತಿರುಗಿಸಿ ನೋಡಿಕೊಂಡರೆ ಸಾಕು.

ಜಾಗ ಮತ್ತು ನೆಲ

ಮಲೆನಾಡಿನ ಮನೆಗಳಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಇದ್ದುದರಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಉತ್ತಮ, ಆದರೆ ಅದಕ್ಕೂ ನೀರು ಹರಿದುಹೋಗಲೆಂದು ಸಣ್ಣ ವಾಟ ಕೊಟ್ಟಿರುತ್ತಾರೆ. ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕ್ ಬಿಟ್ಟಾಗ ಅದು ತಾನಾಗಿ ಉರುಳಿದರೆ ಆ ಜಾಗವನ್ನು ಬಿಡಬೇಕು. ಮಳೆಗಾಲದಲ್ಲಿ ಅಂಗಳದ ಮೇಲೆ ಹಾವಸೆ ಬೆಳೆದಿದ್ದರೆ ಚಕ್ರಕ್ಕೆ ಕೊಟ್ಟ ಬೆಣೆಯೂ ಜಾಕಿನ ತಳವೂ ಜಾರುತ್ತವೆ. ಕೆಲಸ ಮಾಡುವಷ್ಟು ಜಾಗವನ್ನಾದರೂ ಸುಣ್ಣವೋ ಬ್ಲೀಚಿಂಗ್ ಪೌಡರೋ ಹಾಕಿ ಉಜ್ಜಿ ಒಣಗಿಸಿಕೊಳ್ಳಬೇಕು. ತುರ್ತಿಲ್ಲದ ಕೆಲಸವಾದರೆ ಮಳೆ ನಿಲ್ಲುವ ತನಕ ಕಾಯುವುದು ಜಾಣತನ. ಜುಲೈ ತಿಂಗಳಲ್ಲಿ ಗಾಡಿಯ ಅಡಿ ಮಲಗಿದವನಿಗೆ ಇಂಬಳದ (ಜಿಗಣೆಯ) ಕಾಟವೂ ತಪ್ಪಿದ್ದಲ್ಲ, ಮತ್ತು ಕಾಲಿಗೆ ಇಂಬಳ ಹತ್ತಿದವನು ತಟ್ಟನೆ ಕಾಲು ಒದೆಯುವ ಜಾಗ ಅದಲ್ಲ.

ಮಣ್ಣಿನ ಅಂಗಳವೇ ಗತಿಯಾದರೆ ಜಾಕಿನ ಕೆಳಗೆ ಒಂದಡಿ ಉದ್ದಗಲದ, ಎರಡು ಅಂಗುಲ ದಪ್ಪದ ಗಟ್ಟಿಮರದ ಹಲಗೆಯನ್ನು ಹಾಕಲೇಬೇಕು. ಬಾಟಲಿಯಂತೆ ನೆಟ್ಟಗೆ ನಿಲ್ಲುವ ಹೈಡ್ರಾಲಿಕ್ ಬಾಟಲ್ ಜಾಕಿನ ತಳ ಅಂಗೈಯಷ್ಟಿರುವುದರಿಂದ ಭಾರ ಬಿದ್ದೊಡನೆ ಮೆತ್ತನೆಯ ಮಣ್ಣಿನಲ್ಲಿ ಒಂದು ಕಡೆಗೆ ಹೂತು ವಾಲುತ್ತದೆ. ಟ್ರಾಲಿ ಜಾಕಿಗೆ ಮಣ್ಣಿನ ನೆಲ ಸಲ್ಲದು. ಗಾಡಿ ಮೇಲೇಳುವಾಗ ನೇರವಾಗಿ ಏಳದೆ ಕಮಾನಿನ ದಾರಿಯಲ್ಲಿ ಏಳುತ್ತದೆ, ಆದ್ದರಿಂದ ಜಾಕ್ ತನ್ನ ಚಕ್ರಗಳ ಮೇಲೆ ಸ್ವಲ್ಪ ಸರಿದು ಹೊಂದಿಕೊಳ್ಳಬೇಕಾಗುತ್ತದೆ. ಚಕ್ರ ಮಣ್ಣಿನಲ್ಲಿ ಹೂತಿದ್ದರೆ ಜಾಕ್ ಸರಿಯದೆ ಮೇಲಿನ ಹಿಡಿತವೇ ಜಾರುತ್ತದೆ.

ಸಲಕರಣೆಗಳು

ಎರಡು ಟನ್ನಿನ ಬಾಟಲ್ ಜಾಕ್ ಅಥವಾ ಗಟ್ಟಿಯಾದ ಸ್ಕ್ರೂ ಜಾಕ್ ಆಟೋಗೆ ಧಾರಾಳವಾಗಿ ಸಾಕು. ಕೊಳ್ಳುವಾಗ ಟನ್ನಿಗಿಂತ ಹೆಚ್ಚಾಗಿ ಅದನ್ನು ಪೂರ್ತಿ ಇಳಿಸಿದಾಗಿನ ಎತ್ತರವನ್ನು ನೋಡಬೇಕು, ಏಕೆಂದರೆ ಪಂಚರ್ ಆದ ಚಕ್ರದ ಬದಿಯಲ್ಲಿ ಗಾಡಿ ತಗ್ಗಿ ಕುಳಿತಿರುತ್ತದೆ, ಜಾಕ್ ಅದರಡಿ ಹೋಗದಿದ್ದರೆ ಉಳಿದೆಲ್ಲ ವ್ಯರ್ಥ. ಹಳೆಯ ಹೈಡ್ರಾಲಿಕ್ ಜಾಕ್ ಇದ್ದರೆ ಭಾರ ಕೊಟ್ಟು ಎತ್ತರವನ್ನು ಗುರುತುಮಾಡಿ ಹತ್ತು ನಿಮಿಷ ಬಿಟ್ಟು ನೋಡಬೇಕು. ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ ಅದರ ಸೀಲ್ ಸವೆದಿದೆ ಎಂದು ಅರ್ಥ.

ಆದರೆ ಜಾಕ್ ಇರುವುದು ಎತ್ತುವುದಕ್ಕೆ. ಹೊತ್ತು ನಿಲ್ಲಿಸುವುದು ಜಾಕ್ ಸ್ಟ್ಯಾಂಡಿನ, ಅಂದರೆ ಎತ್ತಿದ ಗಾಡಿಗೆ ಅಡಿಯಿಂದ ಆಸರೆ ಕೊಡುವ ಕಬ್ಬಿಣದ ಆನಿಕೆಯ ಕೆಲಸ. ಚಕ್ರ ಬದಲಿಸುವ ಕೆಲವು ನಿಮಿಷಗಳಿಗೆ ಜಾಕ್ ಸಾಕಾಗಬಹುದು, ಅದೂ ದೇಹದ ಯಾವ ಭಾಗವನ್ನೂ ಗಾಡಿಯಡಿ ಒಯ್ಯದೆ ಇದ್ದಾಗ ಮಾತ್ರ. ಅದಕ್ಕಿಂತ ಹೆಚ್ಚಿನ ಯಾವ ಕೆಲಸಕ್ಕೂ ಜೋಡಿ ಜಾಕ್ ಸ್ಟ್ಯಾಂಡುಗಳು ಬೇಕು. ಇವು ದುಬಾರಿಯ ವಸ್ತುಗಳಲ್ಲ, ಸ್ಟೆಪ್ನಿಯಂತೆಯೇ ಇವನ್ನೂ ಗಾಡಿಯ ಜೊತೆಗಿನ ಸಾಮಾನೆಂದು ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ಸ್ಟ್ಯಾಂಡ್ ಇಲ್ಲದಿದ್ದರೆ ಮತ್ತಿಯಂತಹ ಗಟ್ಟಿಮರದ ಚೌಕದ ತುಂಡುಗಳನ್ನು ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಪೇರಿಸಿ ಅಟ್ಟಣೆ ಕಟ್ಟಬಹುದು. ಅದರ ಎತ್ತರ ತಳದ ಅಗಲವನ್ನು ಮೀರದಂತೆ ನೋಡಿಕೊಳ್ಳಬೇಕು.

ನಮ್ಮ ಕಡೆ ಕೈಗೆ ಮೊದಲು ಸಿಗುವುದು ಜಂಬಿಟ್ಟಿಗೆ ಕಲ್ಲು. ಗೋಡೆಗೆ ಅದು ಒಳ್ಳೆಯ ಕಲ್ಲೇ ಹೌದು, ಆದರೆ ಗೋಡೆಯಲ್ಲಿ ಭಾರ ಕಲ್ಲಿನ ಪೂರ್ತಿ ಮೈಮೇಲೆ ಹರಡಿರುತ್ತದೆ. ಚಾಸಿಸ್ಸಿನ (ಗಾಡಿಯ ಉಕ್ಕಿನ ಚೌಕಟ್ಟಿನ) ಅಂಚು ಒಂದೇ ಜಾಗದಲ್ಲಿ ಒತ್ತಿದಾಗ ತೂತುತೂತಾದ ಆ ಕಲ್ಲು, ಅದರಲ್ಲೂ ನೆನೆದದ್ದಾದರೆ, ಪುಡಿಯಾಗಿ ಕುಸಿಯುತ್ತದೆ. ಸಿಮೆಂಟಿನ ಟೊಳ್ಳು ಬ್ಲಾಕು ಇದಕ್ಕಿಂತ ಅಪಾಯಕಾರಿ, ಅದು ಯಾವ ಸೂಚನೆಯನ್ನೂ ಕೊಡದೆ ಒಮ್ಮೆಗೇ ಒಡೆಯುತ್ತದೆ. ಅಡಿಕೆ ದಬ್ಬೆ ನಾರಿನ ಉದ್ದಕ್ಕೆ ಸೀಳುತ್ತದೆ. ಅಡಿಕೆ ಮನೆಯ ತೊಲೆಗೆ ಸರಪಳಿ ಬಿಗಿದು ಗಾಡಿಯನ್ನು ತೂಗುಹಾಕುವ ಯೋಚನೆಯನ್ನೂ ಬಿಡಬೇಕು. ಗೆದ್ದಲು ಒಳಗೊಳಗೇ ತಿಂದ ತೊಲೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ.

ಹಿಂದಿನ ಒಂದು ಚಕ್ರವನ್ನು ಎತ್ತುವುದು

ಹೆಚ್ಚಾಗಿ ಬೇಕಾಗುವುದು ಇದೇ. ಮೊದಲು ಗಾಡಿಯಲ್ಲಿರುವ ಮೂಟೆ, ಕ್ಯಾನು, ಸ್ಟೆಪ್ನಿ ಎಲ್ಲವನ್ನೂ ಇಳಿಸಬೇಕು. ಲಗೇಜ್ ಆಟೋದಲ್ಲಿ ಅಡಿಕೆ ಚೀಲಗಳಿದ್ದಾಗ ಭಾರದ ಕೇಂದ್ರ ಎತ್ತರಕ್ಕೂ ಹಿಂದಕ್ಕೂ ಸರಿದಿರುತ್ತದೆ, ಆ ಸ್ಥಿತಿಯಲ್ಲಿ ಜಾಕ್ ಕೊಡುವುದು ಸರ್ವಥಾ ಸಲ್ಲದು. ಎಂಜಿನ್ ಮತ್ತು ಸೈಲೆನ್ಸರ್ ಆರುವ ತನಕ ಕಾಯಬೇಕು. ಹ್ಯಾಂಡಲನ್ನು ನೇರ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ನೆಲದ ಮೇಲೆ ಉಳಿಯುವ ಎರಡೂ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಬೆಣೆ ಕೊಡಬೇಕು.

ಗೇರಿನಲ್ಲಿದೆಯಲ್ಲ, ಬೆಣೆ ಏಕೆ ಎಂದು ಕೇಳುವವರಿದ್ದಾರೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕ್ಷಣದಿಂದ ಗೇರಿನ ಹಿಡಿತ ಇಲ್ಲದಂತಾಗುತ್ತದೆ. ಎರಡು ಹಿಂಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದರಿಂದ ನೆಲದ ಮೇಲಿನ ಚಕ್ರ ಒಂದು ದಿಕ್ಕಿಗೆ ಉರುಳಿದರೆ ಗಾಳಿಯಲ್ಲಿರುವ ಚಕ್ರ ವಿರುದ್ಧ ದಿಕ್ಕಿಗೆ ತಿರುಗಿ ದಾರಿ ಮಾಡಿಕೊಡುತ್ತದೆ. ಎಂಜಿನ್ ಅದನ್ನು ತಡೆಯಲಾರದು. ಹಿಂಚಕ್ರಗಳನ್ನು ಹಿಡಿಯುವ ಹ್ಯಾಂಡ್ ಬ್ರೇಕ್ ಅಷ್ಟರಮಟ್ಟಿಗೆ ನೆಲದ ಮೇಲಿನ ಚಕ್ರವನ್ನು ಕಾಯುತ್ತದೆ. ಆದರೆ ಎತ್ತಿದ ಚಕ್ರದ ಡ್ರಮ್ಮನ್ನು ಕಳಚಬೇಕಾದರೆ ಶೂಗಳು ಸಡಿಲವಾಗಬೇಕು, ಅದಕ್ಕೆ ಹ್ಯಾಂಡ್ ಬ್ರೇಕನ್ನೇ ಇಳಿಸಬೇಕು. ಆಗ ಗಾಡಿಯನ್ನು ಹಿಡಿದಿರುವುದು ಬೆಣೆಗಳು ಮಾತ್ರ. ಅಂಗೈಯಗಲದ ಚೂರುಕಲ್ಲುಗಳನ್ನು ಬೆಣೆಯಾಗಿ ಇಡುವವರು ಇದನ್ನು ನೆನಪಿಡಬೇಕು.

ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಕಾಲು ಸುತ್ತಿನಷ್ಟು ಸಡಿಲಿಸಿಕೊಳ್ಳಬೇಕು, ಪೂರ್ತಿ ಬಿಚ್ಚಬಾರದು. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕುಸಡಿಲಿಸುವ ಎಣ್ಣೆ ಬಿಟ್ಟಿರುವುದು ಒಳ್ಳೆಯದು, ಏಕೆಂದರೆ ಜಾಕಿನ ಮೇಲಿರುವ ಗಾಡಿಯಲ್ಲಿ ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿಯುವುದೆಂದರೆ ಗಾಡಿಯನ್ನೇ ತಳ್ಳಿದಂತೆ.

ಜಾಕ್ ಕೊಡುವ ಜಾಗ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ತೋರಿಸಿದ ಜಾಗವೇ ಅಂತಿಮ. ಸಾಮಾನ್ಯವಾಗಿ ಚಕ್ರವನ್ನಷ್ಟೇ ಕಳಚುವುದಿದ್ದರೆ ಚಕ್ರವನ್ನು ಗಾಡಿಗೆ ಜೋಡಿಸುವ ಹಿಂದಿನ ಸಸ್ಪೆನ್ಷನ್ ತೋಳಿನ ಅಡಿಯಲ್ಲಿ, ಚಕ್ರದ ಸಮೀಪ ಜಾಕ್ ಕೊಡುವುದು ಅನುಕೂಲ: ಸ್ಪ್ರಿಂಗ್ ಜೋತುಬೀಳುವುದಿಲ್ಲವಾದ್ದರಿಂದ ಕಡಿಮೆ ಎತ್ತಿದರೂ ಚಕ್ರ ನೆಲ ಬಿಡುತ್ತದೆ, ಗಾಡಿ ಹೆಚ್ಚು ವಾಲುವುದೂ ಇಲ್ಲ. ತೋಳಿನ ಬುಷ್, ಶಾಕ್ ಅಬ್ಸಾರ್ಬರ್ ಮುಂತಾದವುಗಳ ಕೆಲಸಕ್ಕೆ ಚಾಸಿಸ್ಸಿನ ದಪ್ಪ ಅಡ್ಡಪಟ್ಟಿಗೇ ಕೊಡಬೇಕಾಗುತ್ತದೆ. ತೆಳು ತಗಡಿನ ತಳ, ಎಂಜಿನ್ನಿನ ಎಣ್ಣೆ ಕೋಣೆ, ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚ, ಸೈಲೆನ್ಸರ್, ಎಕ್ಸೆಲ್ ಶಾಫ್ಟ್, ಗ್ಯಾಸ್ ಸಿಲಿಂಡರಿನ ಚೌಕಟ್ಟು, ಬ್ಯಾಟರಿ ಆಟೋದಲ್ಲಿ ಬ್ಯಾಟರಿಯ ಪೆಟ್ಟಿಗೆ, ಇವು ಯಾವುದೂ ಜಾಕಿಗೆ ಆನಿಕೆಯಲ್ಲ. ನಾಲ್ಕಾರು ಮಳೆಗಾಲ ಕಂಡ ಗಾಡಿಯಲ್ಲಿ ಚಾಸಿಸ್ಸನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹದ ಸದ್ದು ಬಾರದೆ ಮಂಕಾದ ಸದ್ದು ಬಂದರೆ, ಪದರು ಉದುರಿದರೆ, ಆ ಜಾಗವನ್ನು ನಂಬಬಾರದು.

ಜಾಕನ್ನು ನೆಟ್ಟಗೆ ನಿಲ್ಲಿಸಿ, ಚಕ್ರ ನೆಲದಿಂದ ಬೆರಳಗಲ ಏಳುವ ತನಕ ನಿಧಾನವಾಗಿ ಎತ್ತಿ, ಅಲ್ಲಿ ನಿಂತು ಜಾಕ್ ವಾಲಿದೆಯೇ ಎಂದು ಪರೀಕ್ಷಿಸಬೇಕು. ವಾಲಿದ್ದರೆ ಬಡಿದು ನೇರ ಮಾಡಲು ಹೋಗದೆ ಇಳಿಸಿ ಮತ್ತೆ ಇಡಬೇಕು. ಸರಿಯಿದ್ದರೆ ಬೇಕಾದಷ್ಟು ಎತ್ತಿ, ಸ್ಟ್ಯಾಂಡನ್ನು ಚಾಸಿಸ್ಸಿನಡಿ ಹಿಂಚಕ್ರಕ್ಕೆ ಆದಷ್ಟು ಸಮೀಪದಲ್ಲಿ ಸೇರಿಸಿ, ಭಾರವನ್ನು ಅದರ ಮೇಲೆ ಇಳಿಸಿ, ಜಾಕನ್ನು ತೆಗೆಯದೆ ಸಣ್ಣಗೆ ತಾಗಿಸಿಯೇ ಇಡಬೇಕು. ಆಮೇಲೆ ನಿಂತುಕೊಂಡು ಗಾಡಿಯ ಮೈಯನ್ನು ಎರಡೂ ಕಡೆಗೆ ಅಲುಗಾಡಿಸಿ ನೋಡಬೇಕು; ಬೀಳುವುದಿದ್ದರೆ ಆಗಲೇ ಬೀಳಲಿ. ಕಳಚಿದ ಚಕ್ರವನ್ನು ಚಾಸಿಸ್ಸಿನ ಕೆಳಗೆ ಅಡ್ಡಲಾಗಿ ಮಲಗಿಸಿಟ್ಟರೆ ಇನ್ನೊಂದು ಕಾವಲು ಸಿಕ್ಕಂತಾಗುತ್ತದೆ.

ಡ್ರಮ್ ಕಳಚಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು. ಶೂಗಳನ್ನು ತಡೆಯಲು ಡ್ರಮ್ ಇಲ್ಲದ್ದರಿಂದ ಅವುಗಳನ್ನು ಒತ್ತುವ ವೀಲ್ ಸಿಲಿಂಡರಿನ ಪಿಸ್ಟನ್ನುಗಳು ಹೊರಕ್ಕೆ ಚಿಮ್ಮಿ ಬ್ರೇಕ್ ಆಯಿಲ್ ಸೋರಿಹೋಗುತ್ತದೆ. ಸೀಟಿನಲ್ಲಿ ಮಕ್ಕಳು ಹತ್ತಿ ಕೂರದಂತೆ ಮೊದಲೇ ಹೇಳಿಟ್ಟಿರಬೇಕು. ಎರಡು ಹೋಳಿನ ರಿಮ್ ಇರುವ ಆಟೋಗಳಲ್ಲಿ ಇನ್ನೊಂದು ಎಚ್ಚರ ಬೇಕು: ಒಂದು ಸುತ್ತಿನ ನಟ್ಟುಗಳು ಚಕ್ರವನ್ನು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಹಿಡಿದಿರುತ್ತವೆ, ಇನ್ನೊಂದು ಸುತ್ತಿನವು ರಿಮ್ಮಿನ ಹೋಳುಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಎರಡನೆಯವನ್ನು ಟೈರಿನ ಗಾಳಿಯನ್ನು ಪೂರ್ತಿ ಬಿಡದೆ ಬಿಚ್ಚಿದರೆ ಹೋಳುಗಳು ಸಿಡಿದು ಮುಖಕ್ಕೆ ಬಡಿಯುತ್ತವೆ.

ಹಿಂದಿನ ಎರಡೂ ಚಕ್ರ, ಮುಂದಿನ ಚಕ್ರ

ಎರಡೂ ಹಿಂಚಕ್ರಗಳು ಮೇಲಿದ್ದಾಗ ಗೇರೂ ಇಲ್ಲ, ಹ್ಯಾಂಡ್ ಬ್ರೇಕೂ ಇಲ್ಲ, ನೆಲದ ಮೇಲಿರುವ ಏಕೈಕ ಚಕ್ರವೋ ಹ್ಯಾಂಡಲ್ ಜೊತೆಗೆ ಎತ್ತ ಬೇಕಾದರೂ ತಿರುಗುವಂಥದ್ದು. ಆದ್ದರಿಂದ ಹ್ಯಾಂಡಲನ್ನು ಎರಡೂ ಬದಿಯಿಂದ ಹಗ್ಗದಲ್ಲಿ ಕಟ್ಟಿ ನೇರವಾಗಿ ನಿಲ್ಲಿಸಬೇಕು, ಮುಂಚಕ್ರಕ್ಕೆ ಹಿಂದೆಮುಂದೆ ಬಲವಾದ ಬೆಣೆ ಕೊಡಬೇಕು. ಒಂದು ಬದಿಯನ್ನು ಸ್ವಲ್ಪ ಎತ್ತಿ ಸ್ಟ್ಯಾಂಡಿಗೆ ಕೂರಿಸಿ, ಇನ್ನೊಂದು ಬದಿಯನ್ನು ಅಷ್ಟೇ ಎತ್ತಿ ಕೂರಿಸಿ, ಬೇಕಾದರೆ ಮತ್ತೊಂದು ಸುತ್ತು ಎತ್ತಬೇಕು. ಒಂದೇ ಬದಿಯನ್ನು ಮೊದಲೇ ಪೂರ್ತಿ ಎತ್ತಿದರೆ ಎರಡನೆಯ ಬದಿ ಏಳುವಾಗ ಮೊದಲನೆಯ ಸ್ಟ್ಯಾಂಡ್ ಓರೆಯಾಗುತ್ತದೆ. ಸ್ಟ್ಯಾಂಡಿನ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸುವುದು ಬೇಡ; ಡಿಫರೆನ್ಷಿಯಲ್ ಪರೀಕ್ಷಿಸಬೇಕಿದ್ದರೆ ಎಂಜಿನ್ ನಿಲ್ಲಿಸಿ, ಗೇರಿನಲ್ಲಿಟ್ಟು, ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಇನ್ನೊಂದು ಹಿಮ್ಮುಖವಾಗಿ ತಿರುಗುವುದು ಕಾಣುತ್ತದೆ.

ಮುಂದಿನ ಚಕ್ರವನ್ನು ಎತ್ತುವುದು ಇವೆಲ್ಲಕ್ಕಿಂತ ಸುಲಭ. ಅಗಲವಾದ ಹಿಂಭಾಗ ನೆಲದ ಮೇಲೇ ಇರುತ್ತದೆ, ಹ್ಯಾಂಡ್ ಬ್ರೇಕೂ ಗೇರೂ ಕೆಲಸ ಮಾಡುತ್ತವೆ, ಮುಂದಿನ ಭಾರವೂ ಕಡಿಮೆ. ಮುಂಚಕ್ರದ ಹಿಂದೆ ಚಾಸಿಸ್ ಗಟ್ಟಿಯಾಗಿರುವ ಜಾಗದಲ್ಲಿ ಎತ್ತಿ, ಅಗಲವಾದ ಮರದ ದಿಮ್ಮಿಯನ್ನೋ ಎರಡು ಸ್ಟ್ಯಾಂಡುಗಳನ್ನೋ ಅಕ್ಕಪಕ್ಕ ಕೊಡಬೇಕು. ನೆಲ ಬಿಟ್ಟ ಚಕ್ರ ಹ್ಯಾಂಡಲ್ ಸಮೇತ ಒಂದು ಬದಿಗೆ ಹೊರಳುತ್ತದೆ ಎಂಬುದನ್ನಷ್ಟೇ ನೆನಪಿಟ್ಟು ಬೆರಳುಗಳನ್ನು ದೂರವಿಡಬೇಕು.

ಪಕ್ಕಕ್ಕೆ ಮಲಗಿಸುವ ಪದ್ಧತಿ

ಜಾಕಿನ ಗೊಡವೆಯೇ ಬೇಡವೆಂದು ಗಾಡಿಯನ್ನು ಹಳೆಯ ಟೈರುಗಳ ಮೇಲೆ ಪಕ್ಕಕ್ಕೆ ಮಲಗಿಸಿ ಕೆಲಸ ಮಾಡುವ ರೂಢಿ ಎಲ್ಲೆಡೆ ಇದೆ. ಅಡಿಭಾಗಕ್ಕೆ ತುಕ್ಕುನಿರೋಧಕ ಬಳಿಯಲು ಇದರಷ್ಟು ಅನುಕೂಲವಾದ ಕ್ರಮವಿಲ್ಲ ಎಂಬುದನ್ನು ಒಪ್ಪಬೇಕು. ಗಾಡಿಯಡಿಗೆ ಯಾರೂ ನುಸುಳಬೇಕಾಗಿಲ್ಲ ಎಂಬುದೂ ನಿಜ. ಆದರೆ ಟ್ಯಾಂಕಿನ ಪೆಟ್ರೋಲು ಮುಚ್ಚಳದಿಂದ ಸೋರುತ್ತದೆ, ಬ್ಯಾಟರಿಯ ಆಮ್ಲ ಚೆಲ್ಲುತ್ತದೆ, ಬ್ರೇಕ್ ಆಯಿಲ್ ಹೊರಬರುತ್ತದೆ, ಎಂಜಿನ್ ಆಯಿಲ್ ಏರ್ ಫಿಲ್ಟರಿನ ಕಡೆಗೆ ಹರಿಯುತ್ತದೆ. ಹಾಗೆ ಮಾಡಲೇಬೇಕಿದ್ದರೆ ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿಯನ್ನು ಕಳಚಿ ಹೊರಗಿಟ್ಟು, ಮೂವರಿಗೆ ಕಡಿಮೆಯಿಲ್ಲದಂತೆ ಕೈಜೋಡಿಸಿ ಮಲಗಿಸಬೇಕು, ಮತ್ತೆ ನಿಲ್ಲಿಸಿದ ಮೇಲೆ ಎಣ್ಣೆ ಇಳಿಯಲು ಸಾಕಷ್ಟು ಹೊತ್ತು ಬಿಟ್ಟು ಆಯಿಲ್ ಮಟ್ಟ ನೋಡಿಯೇ ಚಾಲೂ ಮಾಡಬೇಕು. ಗ್ಯಾಸ್ ಆಟೋವನ್ನೂ ಬ್ಯಾಟರಿ ಆಟೋವನ್ನೂ ಮಲಗಿಸಲೇಬಾರದು. ಕರೆಂಟು ಹೋದಾಗ ಪೆಟ್ರೋಲಿನ ವಾಸನೆಯ ನಡುವೆ ದೀಪವನ್ನೋ ಮೇಣದಬತ್ತಿಯನ್ನೋ ಹಚ್ಚುವ ಪ್ರಮೇಯ ಬಾರದಂತೆ ಹಗಲಿನಲ್ಲೇ ಕೆಲಸ ಮುಗಿಸಬೇಕು.

ಮಲೆನಾಡಿನ ಒಂಟಿಮನೆಗಳಲ್ಲಿ ಕೂಗಿದರೆ ಕೇಳುವವರು ಇರುವುದಿಲ್ಲ. ಗಾಡಿ ಎತ್ತುವ ಹೊತ್ತಿನಲ್ಲಿ ಮನೆಯ ಇನ್ನೊಬ್ಬರು ಅಂಗಳದಲ್ಲೇ ಇರಬೇಕು, ಜಾಕಿನ ಹಿಡಿ ಎಲ್ಲಿದೆ, ಅದನ್ನು ಯಾವ ಕಡೆಗೆ ತಿರುಗಿಸಿದರೆ ಗಾಡಿ ಏಳುತ್ತದೆ ಎಂಬುದು ಅವರಿಗೆ ಮೊದಲೇ ತಿಳಿದಿರಬೇಕು.

ಇಳಿಸುವುದು

ಇಳಿಸುವ ಹೊತ್ತಿಗೆ ಕೆಲಸ ಮುಗಿದ ಅವಸರವಿರುತ್ತದೆ. ಗಾಡಿಯಡಿಯಿಂದ ಸ್ಪ್ಯಾನರು, ಬಟ್ಟೆ, ಮಲಗಿಸಿಟ್ಟ ಚಕ್ರ ಎಲ್ಲವನ್ನೂ ತೆಗೆದು, ನಟ್ಟುಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ ಸಾಧಾರಣವಾಗಿ ಬಿಗಿಯಬೇಕು. ಹ್ಯಾಂಡ್ ಬ್ರೇಕ್ ಮತ್ತೆ ಎಳೆದು, ಜಾಕಿನಿಂದ ಸ್ವಲ್ಪ ಎತ್ತಿ ಸ್ಟ್ಯಾಂಡನ್ನು ಹೊರತೆಗೆದು, ಬಾಟಲ್ ಜಾಕಿನ ಸ್ಕ್ರೂವನ್ನು ಕೂದಲೆಳೆಯಷ್ಟೇ ಸಡಿಲಿಸಿ ನಿಧಾನವಾಗಿ ಇಳಿಸಬೇಕು. ಒಮ್ಮೆಗೇ ಬಿಟ್ಟರೆ ಗಾಡಿ ಬೆಣೆಗಳನ್ನು ಹಾರಿಸಿ ಕೂರುತ್ತದೆ. ಚಕ್ರ ನೆಲ ಮುಟ್ಟಿದ ಮೇಲೆ ನಟ್ಟುಗಳ ಕೊನೆಯ ಬಿಗಿತ, ಆಮೇಲೆ ಬೆಣೆಗಳನ್ನು ತೆಗೆಯುವುದು. ಬ್ರೇಕ್ ಬಿಚ್ಚಿದ್ದರೆ ಪೆಡಲನ್ನು ಹಲವು ಬಾರಿ ತುಳಿದು ಗಟ್ಟಿಯಾಗುವುದನ್ನು ನೋಡಿಕೊಂಡು, ಅಂಗಳದೊಳಗೇ ಒಂದೆರಡು ಸಲ ಓಡಿಸಿ ನಿಲ್ಲಿಸಿ ಪರೀಕ್ಷಿಸಬೇಕು. ಮೊದಲ ಸವಾರಿಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದರೆ ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ, ನಟ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಡ್ರಮ್ ಅತಿಯಾಗಿ ಬಿಸಿಯಾಗಿದೆಯೇ ಎಂದು ಅಂಗೈಯನ್ನು ಹತ್ತಿರ ಹಿಡಿದು ಪರೀಕ್ಷಿಸಬೇಕು; ಬಿಸಿಯಾಗಿದ್ದರೆ ಶೂ ಅಂಟಿಕೊಂಡಿದೆ, ಶೂವಿನ ಬಿಗಿತ ಹೊಂದಿಸುವ ಅಡ್ಜಸ್ಟರನ್ನು ಸಡಿಲಿಸಬೇಕು.